ಎಲ್ಲಾ ಕೆಂಪೇ

ಹಳೇ ಫ್ಯಾನು ಇಳಿಸಿದಾಗ ಸೂರಿನಿಂದ
ಮೂರು ವೈರು ಜೋತುಬಿದ್ದವು. ಮೂರೂ ಕೆಂಪು.
ಸ್ಟೂಲಿನ ಕೆಳಗಿಂದ ಈರೇಶ ಕೇಳಿದ, ಯಾವುದು ಯಾವುದಕ್ಕ?
ನನಗೇನು ಗೊತ್ತು, ನಾನು ಬಟ್ಟೆ ಹೊಲಿಯುವವಳು,
ಕೆಂಪು ಕಂಡರೆ ಕೆಂಪು ಪೋಣಿಸುವವಳು.

ಹೊರಗೆ ನಲವತ್ನಾಕು ಡಿಗ್ರಿ.
ರಾಯಚೂರಿನ ಮೇ ತಿಂಗಳು, ಗೋಡೆ ಮುಟ್ಟಿದರೆ
ರೊಟ್ಟಿ ಹಂಚು ಮುಟ್ಟಿದ ಹಾಗೆ.
ಗಾಳಿ ತಿಳಿಯಾದ ದಿನ ನಮ್ಮ ಮಾಳಿಗೆಯಿಂದ
ಶಕ್ತಿನಗರದ ಹೊಗೆ ಕಾಣುತ್ತದೆ.
ಅಲ್ಲಿಂದ ಊರೂರು ದಾಟಿ ಹೋಗುವ ಕರೆಂಟು
ನಮ್ಮ ಪಡಸಾಲೆಯ ಹತ್ತಡಿಯಲ್ಲಿ ದಾರಿ ತಪ್ಪಿತ್ತು.

ಫ್ಯೂಜು ಕಿತ್ತೆ, ಎರಡು ಜೋಡಿಸಿದೆ, ಫ್ಯೂಜು ಹಾಕಿದೆ.
ಸ್ವಿಚ್ಚು ಒತ್ತಿದರೆ ಏನೂ ಇಲ್ಲ.
ನೀರು ಕುಡಿಯಲು ಹೋದ ಈರೇಶ
ಅಡುಗೆಮನೆಯ ಗುಂಡು ಬಲ್ಬು ಹಾಕಿದ ನೋಡು,
ಹೊಸ ಫ್ಯಾನು ಎಮ್ಮೆಯ ಹಾಗೆ ಹೂಂಗುಟ್ಟಿ
ಅರ್ಧ ಸುತ್ತು ಹೊರಳಿತು.
ಬಲ್ಬು ಮಾತ್ರ ಮಿಣುಕು ಮಿಣುಕು.
"ಇದರ ಉಸುರು ಅದು ಕುಡಿಯಾಕತ್ತೈತಿ" ಅಂದವನು
ಮತ್ತೆ ಸ್ಟೂಲು ಹಿಡಿಯಲು ಬರಲಿಲ್ಲ.
ಸ್ವಿಚ್ಚು ಆರಿಸಿದರೂ ಟೆಸ್ಟರಿನ ಕಣ್ಣು
ಉರಿಯುತ್ತಲೇ ಇತ್ತು.

ಈ ಮನೆಗೆ ವೈರು ಎಳೆದವನು ನನ್ನ ತಮ್ಮ ತಾಯಪ್ಪ.
ಮೂರು ವರ್ಷ ಆಯಿತು ಮಾತು ಬಿಟ್ಟು.
ಅವ್ವನ ಬೋರಮಾಳ ಯಾರ ಹಂತ್ಯಾಕ ಐತಿ
ಅನ್ನುವ ಒಂದು ಮಾತಿಗೆ.
ತೀನ್ ಕಂದೀಲಿನ ಅಂಗಡಿಗೆ ಫೋನ್ ಹಚ್ಚಿದೆ,
ಇಬ್ಬರು ಮಿಸ್ತ್ರಿಗಳಿಗೆ ಹಚ್ಚಿದೆ,
ಎಲ್ಲರೂ ಯಾರದೋ ಮದುವೆಗೆ ಲೈಟು ಕಟ್ಟುತ್ತಿದ್ದರು.
ಕಡೆಗೆ ಆ ನಂಬರು. ಹೆಸರು ಅಳಿಸಿದ್ದೆ,
ಬೆರಳು ಮರೆತಿರಲಿಲ್ಲ.

ಹಲೋ ಅನ್ನದೆ ಅಂದೆ: ವೈರು ಮೂರೂ ಕೆಂಪು ಅದಾವು.
ಅವನೂ ಅನ್ನಲಿಲ್ಲ.
"ಅವತ್ತು ವೈರು ಸಾಲಲಿಲ್ಲಕ್ಕ, ರೈಸ್ ಮಿಲ್ಲಿನಾಗ
ಉಳಿದಿದ್ದು ಒಂದೇ ಸುರುಳಿ.
ನ್ಯೂಟ್ರಲ್ಲು ಅಡಿಗಿಮನಿಯಿಂದ ಕದ್ದೀನಿ.
ಗುರ್ತಿಗೆ ದಾರ ಕಟ್ಟೀನಿ ನೋಡು, ನಿನ್ನ ಮಷಿನ್ನಿಂದೇ,
ಎರಡು ಗಂಟಿಂದು ಫೇಸು, ಒಂದು ಗಂಟಿಂದು..."

ಜೇಡರ ಬಲೆಯೆಂದು
ಬೆಳಿಗ್ಗೆಯೇ ಒರೆಸಿ ಎಸೆದಿದ್ದೆ.

ಆ ಕಡೆ ಸುಮ್ಮನಾಯಿತು. ಯಾವುದೋ ಮೋಟಾರಿನ ಸದ್ದು.
"ಮುಟ್ಟಬ್ಯಾಡ. ಡ್ಯೂಟಿ ಮುಗಿಸಿ ಬರ್ತೀನಿ."

ರಾತ್ರಿ ಒಂಬತ್ತೂವರೆ. ಚಪ್ಪಲಿ ಬಿಟ್ಟವನೇ
ಟಾರ್ಚು ಕಚ್ಚಿಕೊಂಡು ಸ್ಟೂಲು ಹತ್ತಿದ.
ಬಾಯಲ್ಲಿ ಟಾರ್ಚಿದ್ದವನು ಜಗಳ ಹೇಗೆ ಆಡುತ್ತಾನೆ?
ಸ್ಟೂಲಿನ ಕಾಲು ಹಿಡಿದು ನಿಂತೆ.
ಅವನ ಪ್ಯಾಂಟಿನ ಅಂಚು ಬಿಚ್ಚಿತ್ತು,
ಯಾರೋ ಕೈಹೊಲಿಗೆ ಹಾಕಿದ್ದರು, ಉದ್ದುದ್ದ ಹೊಲಿಗೆ,
ನನ್ನ ಹತ್ತಿರ ತಂದಿದ್ದರೆ ಐದು ನಿಮಿಷದ ಕೆಲಸ.

ಮೊದಲು ಫ್ಯಾನು ಉಲ್ಟಾ ತಿರುಗಿತು.
ಗಾಳಿಯೆಲ್ಲ ಮೇಲಕ್ಕೆ, ಕ್ಯಾಲೆಂಡರಿನ ಹಾಳೆ ಅಲುಗಲಿಲ್ಲ.
ಮೂವರೂ ತಲೆ ಎತ್ತಿ ನೋಡುತ್ತ ನಿಂತೆವು.
ಕೆಪಾಸಿಟರಿನ ವೈರು ಅದಲುಬದಲು ಮಾಡಿದ.
ಆಗ ಬಂತು. ಮಷಿನ್ನಿನ ಮೇಲಿನ ಚಿಂದಿಯೆಲ್ಲ
ಮಂಚದ ಕೆಳಗೆ ಓಡಿದವು.

ಮತ್ತೆ ಫ್ಯೂಜು ಕಿತ್ತು ಅಂದ:
"ದಾರ ಕೊಡು. ಬಣ್ಣ ಬ್ಯಾರೆ ಬ್ಯಾರೆ."
ಬಿಸ್ಕೀಟು ಡಬ್ಬಿಯನ್ನು ಹಾಗೇ ಚಾಚಿದೆ.
ಚಾಚಿದ ಮೇಲೆ ನೆನಪಾಯಿತು,
ಬಾಬಿನ್ನು, ಹುಕ್ಕು, ಸೀಮೆಸುಣ್ಣದ ತುಂಡುಗಳ ಕೆಳಗೆ
ಬ್ಲೌಸ್ ಪೀಸಿನಲ್ಲಿ ಸುತ್ತಿ ಇಟ್ಟದ್ದು.

ಕರಿ ದಾರ ಹುಡುಕುತ್ತ ಅವನ ಬೆರಳು
ತಳದವರೆಗೂ ಇಳಿಯಿತು.
ಬಟ್ಟೆಯ ಮೇಲೆ ನಿಂತಿತು.
ಒಳಗಿರುವುದು ಗುಂಡಿಯಲ್ಲ ಅಂತ
ಬೆರಳಿಗೆ ತಿಳಿಯದೇ ಇರುತ್ತದೆಯೇ,
ಕತ್ತಲಲ್ಲಿ ವೈರು ಗುರುತಿಸುವ ಬೆರಳು.

ಕರಿ ಸಿಕ್ಕಿತು. ಹಳದಿ ಸಿಕ್ಕಿತು.
ಮುಚ್ಚಳ ಅವನೇ ಹಾಕಿದ.
ಫೇಸಿಗೆ ಎರಡು ಗಂಟು ಬಿಗಿದು
ಬಟ್ಟಲು ಸೂರಿಗೆ ಏರಿಸಿ ಸ್ಕ್ರೂ ತಿರುವಿದ.

ಚಾ ಕುಡಿದ. ಸಕ್ಕರಿ ಕಮ್ಮಿ ಅಂದ.
ಬಾಗಿಲಲ್ಲಿ ನಿಂತು ರೆಗ್ಯುಲೇಟರಿನ ಕಡೆ ಕೈ ಮಾಡಿ,
"ಐದಕ್ಕ ಒಯ್ಯಬ್ಯಾಡ, ಮೂರಕ್ಕ ಇಡು.
ಕೊಂಡಿ ಹಳೇದೈತಿ."