ಪೆಟಿಗಿ ಕಾಲಿನ ನೀರು

ಜೇನಿನ ಪೆಟಿಗಿಗಿ ನಾಲ್ಕು ಕಾಲು,
ಕಾಲಿಗೊಂದು ಡಾಲ್ಡಾ ಡಬ್ಬಿ, ಡಬ್ಬಿ ತುಂಬ ನೀರು,
ಇರಿವಿ ಏರಬಾರದಂತ.
ಕೋಳಿಗಿ ಅದೆಲ್ಲಿ ತಿಳೀತದ?
ಮುಂಜಾನೆ ಗೂಡು ತೆಗೆದ್ರ ಸಾಕು
ಸೀದಾ ಬಂದು ಆ ನೀರೇ ಕುಡೀತಾವ
ಕತ್ತು ಎತ್ತೆತ್ತಿ, ಮ್ಯಾಲಿನವನಿಗಿ ಲೆಕ್ಕ ಒಪ್ಪಿಸಿದಂಗ.

ತಂಗಿ ಬಾಣಂತನಕ್ಕಂತ ವಾಡಿಗಿ ಹೋದಾಕಿ
ಮೂರು ದಿನ ನಿಂತೆ.
ಬರೂದ್ರಾಗ ಡಬ್ಬಿ ಒಣಗಿ
ಪೆಟಿಗಿ ಒಳಗ ಇರಿವಿ ಸಾಲು.
ಹುಳ ಒಂದೂ ಇಲ್ಲ.
ವಾಸನಿ ಮಾತ್ರ ಇತ್ತು, ಮೇಣದ್ದು.

‘ತತ್ತಿ ಮಾರಿ ಇನ್ನೊಂದು ತಗೋ’ ಅಂದ ಚಾಂದಬಿ
ಎರಡು ತತ್ತಿ ಉದ್ರಿ ಒಯ್ದಳು.

ಚೌಕಟ್ಟು ಕಿತ್ತು, ತೊಳೆದು,
ಶಹಾಬಾದಿ ಫರಸಿ ಮ್ಯಾಲ ಒಣಗಲಾಕ ಇಟ್ಟೆ.
ಖಾಲಿ ಪೆಟಿಗ್ಯಾಗ ಬೂದಿ ಕೋಳಿ ಇಳಿದು ಕೂತಳು.
ಎಬ್ಬಿಸಲಾಕ ಹೋದ್ರ ಕುಟುಕ್ತಾಳ.
ಹನ್ನೊಂದು ತತ್ತಿ ಕೆಳಗ ಸರಿಸಿ
ಅರ್ಧ ಮುಚ್ಚಳ ಎಳೆದೆ, ಬಿಸಿಲಿಗಿ.

ಇವತ್ತು ಹದಿನೇಳನೇ ದಿನ.
ತೊಗರಿ ಹೊಲದ ಕಡಿಂದ ಐದಾರು ಹುಳ ಬಂದಾವ,
ಕಾಲಿಗಿ ಹಳದಿ ಹಚ್ಚಿಕೊಂಡು.
ಸುತ್ತ ತಿರುಗಿ, ತೂತಿನ್ಯಾಗ ಇಣುಕಿ,
ಹೋಗಿ ಮತ್ತ ಬರ್ತಾವ,
ಬಾಡಿಗಿ ಮನಿ ನೋಡ್ಲಾಕ ಬಂದೋರಂಗ.
ಒಳಗ ಆಕಿ ಮೈ ಉಬ್ಬಿಸಿ ಗುರ್ ಅಂತಾಳ.

ಕೊಡ ತಂದು ಡಬ್ಬಿಗಿ ನೀರು ಹೊಯ್ದೆ, ನಾಲ್ಕಕ್ಕೂ.
ಯಾರು ಕೇಳಿದ್ರೂ ಕೇಳ್ಲಿ, ಜೋರಾಗೇ ಹೇಳಿದೆ:
ನಾಲ್ಕು ದಿನ ತಡೀರವ್ವ,
ಬಾಣಂತಿ ಎದ್ದ ಮ್ಯಾಲ ಮನಿ ನಿಮ್ದೇ.