ವಾರ ತಳ್ಳುವ ಸೊಪ್ಪು

ಮಥಾರೆಯಲ್ಲಿ ಈ ಸೊಪ್ಪಿಗೆ ಹೆಸರೇ ಹಾಗೆ:
ಸುಕುಮಾ ವಿಕಿ. ವಾರ ತಳ್ಳು.
ಸೋಮವಾರ ಕೈಲಿದ್ದ ಕಾಸು
ಗುರುವಾರಕ್ಕೆ ಕರಗಿದಾಗ
ಉಗಾಲಿ ಮುದ್ದೆಯ ಪಕ್ಕ ಒಂದು ಹಿಡಿ ಹಸಿರು
ಕೆಟ್ಟುನಿಂತ ಬಸ್ಸಿಗೆ ಹಿಂದಿನಿಂದ
ಹೆಗಲು ಕೊಟ್ಟ ಹಾಗೆ
ಶನಿವಾರದ ತನಕ ತಳ್ಳುತ್ತದೆ.

ನಾವು ಒಂಬತ್ತು ಜನ.
ಕೆಲಸವಿಲ್ಲದವರು ಅನ್ನುತ್ತಿದ್ದರು, ಸುಳ್ಳು.
ಕಿಯೋಕೊ ಮದುವೆಗಳಲ್ಲಿ ಕುರ್ಚಿ ಜೋಡಿಸುತ್ತಿದ್ದ,
ಅವೂರ್ ಹೆರಳು ಹೆಣೆಯುತ್ತಿದ್ದಳು, ತಲೆಗಿಷ್ಟು ಅಂತ,
ನಾನು ಹಳದಿ ಕ್ಯಾನಿನಲ್ಲಿ ನೀರು ಹೊರುತ್ತಿದ್ದೆ
ಬೇರೆಯವರ ಬಾಯಾರಿಕೆಗೆ.

ನದಿ ದಂಡೆಯ ಆ ತಿಪ್ಪೆ
ನಮ್ಮೆಲ್ಲರಿಗಿಂತ ಹಿರಿಯದು.
ಅಗೆದೆವು ಹನ್ನೊಂದು ದಿನ.
ಒಂಟಿ ಚಪ್ಪಲಿಗಳು ಸಿಕ್ಕವು, ಜೊತೆ ಒಂದೂ ಸಿಗಲಿಲ್ಲ.
ರೇಡಿಯೋದ ಹೊಟ್ಟೆ. ಗೊಂಬೆಯ ಕೈ.
ಪರದೆಯೇ ಬಾಗಿಲಾದ ಓಣಿಯಲ್ಲಿ
ಒಂದು ಬೀಗದ ಕೈ!
ಅದನ್ನು ಕಿಯೋಕೊ ಕುತ್ತಿಗೆಗೆ ಕಟ್ಟಿಕೊಂಡು
ತೋಟದ ಯಜಮಾನನಂತೆ ಮೆರೆದ.
ಮಣ್ಣು ಸಿಕ್ಕಿದ್ದು ಕೊನೆಗೆ, ಮೊಣಕಾಲಾಳದಲ್ಲಿ.
ಅದೂ ನಂಬುವಂಥದ್ದಲ್ಲ ಅಂದಳು ಮುಥೇವು,
ಮೂಸಿ, ಬೆರಳಲ್ಲಿ ಉಜ್ಜಿ.
ಹಾಗಾಗಿ ಚೀಲ.

ನಡುವೆ ತಳವಿಲ್ಲದ ಡಬ್ಬ, ಡಬ್ಬದ ತುಂಬ ಕಲ್ಲು,
ಸುತ್ತ ಕೊಂಡುತಂದ ಮಣ್ಣು, ಆಡಿನ ಹಿಕ್ಕೆ,
ಡಬ್ಬವನ್ನು ಮೇಲೆಳೆ, ಮತ್ತೆ ಕಲ್ಲು, ಮತ್ತೆ ಮಣ್ಣು,
ಎದೆಮಟ್ಟ ಬರುವ ತನಕ.
ಕಲ್ಲಿನ ಬೆನ್ನುಮೂಳೆಯಲ್ಲಿ ನೀರಿಳಿಯುತ್ತದೆ.
ಆಮೇಲೆ ಚೀಲದ ಮೈಗೆ ಕಿಂಡಿ ಕೊಯ್ದು
ಕಿಂಡಿಗೊಂದು ಸಸಿ.
ನಿಲ್ಲಲು ಒಂದು ಮೊಳ ನೆಲ, ಸಸಿ ನಲವತ್ತು.
ನಮ್ಮ ಮನೆಗಳೂ ಹೀಗೇ ಅಲ್ಲವೆ,
ಒಂದರ ತಲೆ ಮೇಲೊಂದು, ಕಿಂಡಿಗೊಂದು ಮುಖ.
ನಕ್ಕೆವು.

ಐದನೆಯ ವಾರ ಕಳ್ಳತನ.
ಬೆಳಗ್ಗೆ ನೋಡಿದರೆ ಮೂರು ಚೀಲ ಬೋಳು.
ಕಿಯೋಕೊ ಕೋಲು ಹುಡುಕಿದ.
ಯಾರೋ ಹೆಸರು ಎಣಿಸತೊಡಗಿದರು,
ಆ ಓಣಿಯವರು, ಈ ಭಾಷೆಯವರು,
ಚುನಾವಣೆಗೆ ಮುಂಚೆ ಎಣಿಸುತ್ತಾರಲ್ಲ, ಹಾಗೆ.
ಮುಥೇವು ಮಾತ್ರ ಕುಕ್ಕರುಗಾಲಲ್ಲಿ ಕೂತು
ಕೊಯ್ದ ಜಾಗ ನೋಡುತ್ತಿದ್ದಳು.
"ಬೋಳಲ್ಲ," ಅಂದಳು. "ಬನ್ನಿ ಇಲ್ಲಿ.
ಹೋಗಿದ್ದು ಕೆಳಗಿನ ಎಲೆ. ಸುಳಿ ಮುಟ್ಟಿಲ್ಲ.
ಗಿಡಕ್ಕೆ ನಾಲ್ಕೆಲೆ ಬಿಟ್ಟಿದ್ದಾರೆ, ಎಣಿಸಿ ಬೇಕಾದರೆ.
ನಾವು ಕಿತ್ತರೆ ದಂಟು ಸೀಳುತ್ತದೆ,
ಇಲ್ಲಿ ಒಂದೂ ಸೀಳಿಲ್ಲ.
ಇದು ಹೊಲ ಇದ್ದವರ ಕೈ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಬಿಸಿಲಿಗೆ ತಗಡಿನ ಮಾಡುಗಳು
ಟಣ್ ಟಣ್ ಎಂದು ಹಿಗ್ಗತೊಡಗಿದ್ದವು.
ಹೊಲ ಇದ್ದವರು ಇಲ್ಲಿ ಎಷ್ಟು ಮಂದಿ!
ನನ್ನಜ್ಜಿಗೂ ಇತ್ತಂತೆ, ಸರೋವರದ ಕಡೆ.
ಹೇಳುವಾಗೆಲ್ಲ ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆ ಹಿಡಿದು
ಪೈರಿನ ಎತ್ತರ ತೋರಿಸುತ್ತಿದ್ದಳು.
ಸತ್ತ ಯಾವುದೋ ಮಗುವಿನ ಎತ್ತರವೆಂದು
ನಾನು ಬಹಳ ವರ್ಷ ತಿಳಿದಿದ್ದೆ.

ಕಾವಲು ಬೇಕೆಂದು ನಾಲ್ಕು ಕೈ, ಬೇಡವೆಂದು ಐದು.
ಕಿಯೋಕೊ ಮೂರು ದಿನ ಬರಲಿಲ್ಲ.
ಕೊನೆಯ ಚೀಲದ ಗೂಟಕ್ಕೆ
ಸೆಣಬಿನ ಹುರಿಯಲ್ಲಿ ಒಂದು ಚಾಕು ತೂಗುಹಾಕಿದೆವು,
ಹಿಡಿ ಮುರಿದದ್ದು, ಮೊಂಡು,
ಇದ್ದದ್ದು ಅದೊಂದೇ.

ಎಲೆ ಹೋಗುತ್ತಲೇ ಇತ್ತು, ವಾರಕ್ಕೊಮ್ಮೆ, ಅಳತೆ ತಪ್ಪದೆ.
ಅದನ್ನು ನೋಡಿ ನಾವು ಕೊಯ್ಯಲು ಕಲಿತೆವು,
ಕೆಳಗಿನಿಂದ, ಕೆಳಕ್ಕೆ ಬಾಗಿಸಿ, ನಾಲ್ಕು ಬಿಟ್ಟು.
ಲೆಕ್ಕದ ಪುಸ್ತಕದಲ್ಲಿ ಅವೂರ್
ಹೊಸ ಸಾಲು ಬರೆದಳು:
ಮೇಷ್ಟರ ಸಂಬಳ, ಎರಡು ಕಟ್ಟು.

ದೊಡ್ಡ ಮಳೆಗೆ ನದಿಯೂ ಎರಡು ಚೀಲ ಒಯ್ದಿತು,
ಏನೂ ಬಿಡದೆ. ಅದಕ್ಕೆ ಕೃಷಿ ಗೊತ್ತಿಲ್ಲ.

ಇವತ್ತು ನೀರು ಹೊತ್ತು ಮೊದಲು ಬಂದವನು ನಾನು.
ಚಾಕು ಗಾಳಿಗೆ ತಿರುಗುತ್ತಿತ್ತು,
ತಿರುಗಿದಾಗೊಮ್ಮೆ ಹೊಳೆಯುತ್ತಿತ್ತು.
ಹೆಬ್ಬೆರಳಲ್ಲಿ ಮುಟ್ಟಿದೆ. ರಕ್ತ ಬಂತು.
ಯಾರೋ ಕತ್ತಲಲ್ಲಿ ಕೂತು
ನಮ್ಮದೇ ಕಲ್ಲಿಗೆ ಉಗುಳು ಹಚ್ಚಿ
ಬಹಳ ಹೊತ್ತು ಮಸೆದಿದ್ದಾರೆ.

ಕಿಯೋಕೊಗೆ ತೋರಿಸಿದೆ.
ಕುತ್ತಿಗೆಯ ಬೀಗದ ಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡು
ಅವನು ತುಂಬ ಹೊತ್ತು ಸುಮ್ಮನಿದ್ದ.
ಆಮೇಲೆ, ಚಾಕುವನ್ನು ಹುರಿಯಿಂದ ಬಿಚ್ಚುತ್ತ,
"ಹಿಡಿ ಹಾಕಬೇಕು ಇದಕ್ಕೆ," ಅಂದ,
"ಮುದಿ ಕೈ ಇದ್ದೀತು."