ಹನ್ನೆರಡೂ ತಿಂಗಳು

ಔಷಧಿ ಕೊಡುವ ಕಿಟಕಿಯಲ್ಲಿ ಹೊಸ ಹುಡುಗಿ.
ಚೀಟಿ ನೋಡಿದಳು, ನನ್ನ ಹೊಟ್ಟೆ ನೋಡಿದಳು,
ನರೆತ ಬೈತಲೆ ನೋಡಿ
ಅನುಮಾನದಲ್ಲೇ ಕೇಳಿದಳು: ಎಷ್ಟು ತಿಂಗಳು?
ಹನ್ನೆರಡೂ, ಅಂದೆ.
ಬಸುರಿಯರಿಗೆ ಕೊಡುವ ಮಾತ್ರೆ, ಹಳದಿ,
ಮೆಂತ್ಯದ ಕಾಳಿಗಿಂತ ತುಸು ದೊಡ್ಡದು.
ನಾನು ಹೆರುವುದು ಬೇರೆ ಏನನ್ನೋ,
ದಿನವೂ, ಮೂಳೆಯ ಒಳಗೆ.

ನಮ್ಮಜ್ಜಿ ಬಂಗಾರಮ್ಮ. ಹೆಸರಿಗೆ ತಕ್ಕ ಕಣ್ಣು ಎಂದು
ಆನಂದಪುರದ ಓಣಿಯೆಲ್ಲ ನಗುತ್ತಿತ್ತಂತೆ.
ಆಮೇಲೆ ಅಪ್ಪ. ಆಮೇಲೆ ಅಣ್ಣ, ನಾನು.
ಒಡವೆ ಬರಲಿಲ್ಲ, ಬಣ್ಣ ಬಂತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ.
ಸುಳ್ಳು.
ನನ್ನ ಬಸ್ಸು ನನಗೆ ಕೆಂಪಾಗೇ ಕಂಡಿತು,
ಹೊಸನಗರದ ದಾರಿಯ ತಿರುವುಗಳು ಹಸಿರಾಗೇ.
ಹಳದಿ ಕಂಡದ್ದು ನನ್ನನ್ನು ನೋಡಿದವರಿಗೆ.
ಟಿಕೆಟ್ ಕೊಟ್ಟರೆ ತುದಿ ಹಿಡಿದು ತಗೊಳ್ಳುವರು,
ಚಿಲ್ಲರೆ ಬೇಡ, ಇಟ್ಕೊಳ್ಳಿ ಅನ್ನುವರು,
ಒಂದು ರೂಪಾಯಿಗೂ ಜಗಳಕ್ಕೆ ನಿಲ್ಲುವ ಜನ.

ಮೂರು ಸಲ ಅರಸಾಳಿನ ಪಂಡಿತರಲ್ಲಿಗೆ ಹೋದೆ.
ನೆಲನೆಲ್ಲಿ ಅರೆದು ಹಾಲಲ್ಲಿ ಕೊಟ್ಟರು.
ಪಥ್ಯ: ಉಪ್ಪಿಲ್ಲದ ಗಂಜಿ.
ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಕಾಳಿಲ್ಲ,
ಸೊಪ್ಪಂತೂ ಹೊಸಿಲು ದಾಟಕೂಡದು.
ಅತ್ತಿಗೆ ಗುತ್ಯಮ್ಮ ಹಿತ್ತಲ ಬಸಳೆ ಚಪ್ಪರವನ್ನೇ
ಬೇರು ಸಮೇತ ಕಿತ್ತಳು,
ನನ್ನ ಮೇಲಿನ ಪ್ರೀತಿಗೆ.

ನಾಲ್ಕು ತಿಂಗಳಲ್ಲಿ ನಾಲಗೆ ಕೆಂಪಗೆ, ನುಣ್ಣಗೆ,
ಗಂಜಿ ಕೂಡ ಉರಿಯಿತು.
ಬಸ್ಸಿನ ಎರಡು ಮೆಟ್ಟಿಲಿಗೆ
ಕಂಬಿ ಹಿಡಿದು ಎರಡು ಸಲ ನಿಂತೆ.
ರಿಪ್ಪನ್‌ಪೇಟೆಯಲ್ಲಿ ಸೀಟಿ ಊದಲು ಉಸಿರಿಲ್ಲದೆ
ತಗಡು ಬಡಿದೆ.

ನಾಲ್ಕನೆಯ ಸಲ ಪಂಡಿತರು ಮದ್ದು ಅರೆಯಲಿಲ್ಲ.
ಕೆಳರೆಪ್ಪೆ ಎಳೆದು ಬಹಳ ಹೊತ್ತು ನೋಡಿ ಅಂದರು:
ಇದು ಬಂದ ಕಾಮಾಲೆ ಅಲ್ಲ ತಂಗಿ, ಹುಟ್ಟಿದ್ದು.
ನನ್ನ ಬಳ್ಳಿಗೆ ಎಟುಕುವುದಿಲ್ಲ. ಮೆಗ್ಗಾನಿಗೆ ಹೋಗು.
ಹಿಂದೆ ಕೊಟ್ಟ ದುಡ್ಡನ್ನೂ ಎಣಿಸಿ ಕೈಗಿಟ್ಟರು,
ಚಿಲ್ಲರೆ ಸಮೇತ.

ಡಾಕ್ಟರ್ ತಸ್ನೀಮ್ ಗಾಜಿನ ಚೂರಿನಲ್ಲಿ ನನ್ನನ್ನೇ ತೋರಿಸಿದರು.
ಬೇರೆಯವರ ರಕ್ತದ ಕಣ ಹೆಬ್ಬೆಟ್ಟು ಒತ್ತಿದ ಹಿಟ್ಟಿನುಂಡೆ,
ನಡುವೆ ಗುಳಿ, ಎಲ್ಲಿ ಬೇಕಾದರೂ ಬಾಗಿ ನುಸುಳುತ್ತದೆ.
ನಿಮ್ಮದು ಒತ್ತದೆ ಬಿಟ್ಟ ಉಂಡೆ.
ಗುಲ್ಮದ ಇಕ್ಕಟ್ಟಿನಲ್ಲಿ ಸಿಕ್ಕಿ ಒಡೆಯುತ್ತದೆ.
ನೂರಿಪ್ಪತ್ತು ದಿನಕ್ಕೆ ಟಿಕೆಟ್ ತೆಗೆದವರು
ಹದಿನೈದಕ್ಕೇ ಇಳಿದುಹೋದರೆ ಹೇಗೋ ಹಾಗೆ.
ಟಿಕೆಟ್ಟಿನ ಮಾತು ನನ್ನದು, ಅವರದಲ್ಲ.
ಹಗಲು ರಾತ್ರಿ ಹೊಸಬರನ್ನು ಹತ್ತಿಸಿ ಹತ್ತಿಸಿ
ಮೂಳೆಯ ಮಜ್ಜೆಯಲ್ಲಿ ಒಂದು ಸಾಮಾನು ಮುಗಿದಿದೆ.
ಈಗ ಬೇಯದ ಕಡುಬನ್ನೇ ಇಳಿಸುತ್ತಿದೆ,
ಗಾತ್ರ ದೊಡ್ಡದು, ಕೆಲಸಕ್ಕೆ ಬಾರದು.

ಯಾವ ಸಾಮಾನು, ಮೇಡಂ?
ಫೋಲಿಕ್. ಹಾಗಂದರೆ ಎಲೆಯದ್ದು.
ಸೊಪ್ಪು ತಿನ್ನುವುದಿಲ್ಲವಾ ನೀವು?

ನಾನು ಕುರ್ಚಿಯ ಕೈ ಸವರುತ್ತ ಕೂತೆ.
ಹಿತ್ತಲಲ್ಲಿ ಮಣ್ಣು ಕೊಡವಿ
ಕೈ ತೊಳೆಯುತ್ತಿದ್ದಳು ಗುತ್ಯಮ್ಮ.

ಮಾತ್ರೆ ಹುಟ್ಟನ್ನು ತಿದ್ದುವುದಿಲ್ಲ, ಅವರೇ ಹೇಳಿದ್ದು.
ಒಡೆಯುವುದು ಒಡೆಯುತ್ತದೆ. ಕಣ್ಣು ಹಳದಿಯೇ.
ಆದರೆ ನಾಲಗೆಗೆ ಉಪ್ಪಿನಕಾಯಿ ಹಿಡಿಸುತ್ತದೆ,
ಸೀಟಿ ಊದಿದರೆ
ಗರ್ತಿಕೆರೆಯ ನಾಯಿಗಳು ಎದ್ದು ನಿಲ್ಲುತ್ತವೆ.
ಗುತ್ಯಮ್ಮ ಹರಿವೆ ಬೇಯಿಸಿ, ಬಸಿದ ನೀರನ್ನು ಚೆಲ್ಲದೆ,
ಬಸ್ಸಾರು ಮಾಡುತ್ತಾಳೆ.
ಹಳೆಯ ಗುಂಡಿಯಲ್ಲೇ ಬಸಳೆ ಕಡ್ಡಿ ಊರಿದ್ದಾಳೆ.
ಆ ವಿಷಯ ಇಬ್ಬರೂ ಎತ್ತುವುದಿಲ್ಲ.

ಮೊನ್ನೆ ಅವಳ ಮಗಳು ಮೇದಿನಿ
ಕನ್ನಡಿ ಹಿಡಿದು, ಕೆಳರೆಪ್ಪೆ ಎಳೆದು
ತನ್ನನ್ನೇ ನೋಡಿಕೊಳ್ಳುತ್ತಿದ್ದಳು.
ನಾಳೆ ನನ್ನ ಬಸ್ಸಿಗೆ ಬಾ, ಶಿವಮೊಗ್ಗಕ್ಕೆ ಹೋಗೋಣ, ಅಂದೆ.
ದುಡ್ಡಿಲ್ಲ ಅತ್ತೆ.
ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟ್ ಕಣೇ.
ಸೊನ್ನೆಯಾದರೂ ಹರಿದು ಕೊಡುತ್ತೇನೆ,
ಇಳಿಯುವವರೆಗೂ ಜೋಪಾನ.